ಸೇಡಿಗೆ ವಿಳಾಸ ಬೇಡವೇ?

ಸೇಡಿನ ಕತೆ ಅಂದರೆ ನಮಗೆ ಪ್ರಾಣ! ಮೊದಲ ರೀಲಿನಲ್ಲಿ ಅಪ್ಪನ ಕೊಲೆ, ಕೊನೆಯ ರೀಲಿನಲ್ಲಿ ಮಗನ ಸೇಡು. ನಡುವೆ ಎಷ್ಟೇ ಹಾಡು ಬರಲಿ, ಹೀರೋ ಹುಡುಕಿಕೊಂಡು ಹೋಗೋದು ಕೊಂದವನನ್ನೇ. ಅವನು ಸಿಗಲಿಲ್ಲ ಅಂತ ಪಕ್ಕದ ಬೀದಿಯ ಬಳೆ ವ್ಯಾಪಾರಿಯನ್ನು ಹಿಡಿದು ಚಚ್ಚಿದರೆ ನಾವು ಸಿಳ್ಳೆ ಹೊಡೀತೀವಾ? ಕುರ್ಚಿ ಮುರೀತೀವಿ!

ಅನುರಾಗ್ ಕಶ್ಯಪ್ ಅವರ 'ಬ್ಲ್ಯಾಕ್ ಫ್ರೈಡೇ' ನೋಡಿದಾಗಿನಿಂದ ನನಗೆ ಇದೇ ಯೋಚನೆ. ಮೊಕದ್ದಮೆ ಮುಗಿದಿಲ್ಲವೆಂದು ಕೋರ್ಟು ತಡೆಹಿಡಿದಿದ್ದ ಆ ಚಿತ್ರ ತೆರೆ ಕಂಡದ್ದು 2007ರಲ್ಲಿ. ಕತೆ 1993ರ ಮಾರ್ಚ್ 12ರದ್ದು, ಶುಕ್ರವಾರ. ಅಂದು ಮಧ್ಯಾಹ್ನ ಒಂದೂವರೆ ಸುಮಾರಿಗೆ ಬೊಂಬಾಯಿಯ ಷೇರು ಮಾರುಕಟ್ಟೆ ಕಟ್ಟಡದಲ್ಲಿ ಮೊದಲ ಸ್ಫೋಟ. ಆಮೇಲೆ ಊರ ತುಂಬ ಒಂದರ ಹಿಂದೊಂದು. ಜವೇರಿ ಬಜಾರು, ವರ್ಲಿಯ ಸೆಂಚುರಿ ಬಜಾರು, ದಾದರಿನ ಪ್ಲಾಜಾ... ಹೌದು ಗೆಳೆಯರೇ, ಪ್ಲಾಜಾ ಟಾಕೀಸೇ! ಒಟ್ಟು 257 ಜೀವ ಹೋಯಿತು. ಗಾಯಗೊಂಡವರು 700ಕ್ಕೂ ಹೆಚ್ಚು.

ಜವೇರಿ ಬಜಾರಿನ ಬಾಂಬು ಇದ್ದದ್ದು ಒಂದು ಸ್ಕೂಟರಿನಲ್ಲಿ. ಬಜಾರಿನಲ್ಲಿ ಸ್ಕೂಟರು ನಿಂತಿದ್ದರೆ ಯಾರು ತಿರುಗಿ ನೋಡ್ತಾರೆ ಹೇಳಿ? ಕೆಂಪು ದೀಪ ಮಿನುಗಲಿಲ್ಲ, ಗಡಿಯಾರ ಟಿಕ್ ಟಿಕ್ ಅನ್ನಲಿಲ್ಲ. ವೈರು ಕತ್ತರಿಸೋಕೆ ಹೀರೋ ಹಾರಿ ಬರಲಿಲ್ಲ.

ಆ ಬೀದಿಯ ಹೆಸರು ಷೇಖ್ ಮೆಮನ್ ಸ್ಟ್ರೀಟ್. ಸಾಲುಸಾಲು ಚಿನ್ನದಂಗಡಿ. ಹತ್ತಿರದಲ್ಲೇ ಊರಿಗೆ ಹೆಸರು ಕೊಟ್ಟ ಮುಂಬಾದೇವಿಯ ಗುಡಿ. ಅಲ್ಲೇ ಜುಮ್ಮಾ ಮಸೀದಿ. ಬಜಾರು ಅಂದರೇನೇ ಹಾಗೆ. ಮಾರೋನಿಗೆ ಕೊಳ್ಳೋನು ಬೇಕು, ಇಬ್ಬರಿಗೂ ಮೂಟೆ ಹೊರೋನು ಬೇಕು. ಮತ ಕೇಳುತ್ತಾ ಕೂತರೆ ವ್ಯಾಪಾರ ನಡೆಯೋಲ್ಲ.

ಇಷ್ಟಕ್ಕೂ ಯಾತರ ಸೇಡು? 1992ರ ಡಿಸೆಂಬರ್ 6ರಂದು ಅಯೋಧ್ಯೆಯಲ್ಲಿ ಬಾಬರಿ ಮಸೀದಿ ಉರುಳಿತು. ಆ ತಿಂಗಳು, ಮುಂದಿನ ಜನವರಿ, ಎರಡು ಸಲ ಬೊಂಬಾಯಿ ಹೊತ್ತಿ ಉರಿಯಿತು. ಶ್ರೀಕೃಷ್ಣ ಆಯೋಗದ ಲೆಕ್ಕದಲ್ಲಿ ಸತ್ತವರು 900, ಹೆಚ್ಚಿನವರು ಮುಸ್ಲಿಮರು. ಇದಕ್ಕೆ ಸೇಡು ಅಂತ ದಾವೂದ್ ಇಬ್ರಾಹಿಂ, ಟೈಗರ್ ಮೆಮನ್ ಕೂಟ ಆರ್‌ಡಿಎಕ್ಸ್ ತರಿಸಿತು. ಅದು ಯಾರ ಮೇಲೆ ಬಿತ್ತು? ಗಲಭೆಯಲ್ಲಿ ಕತ್ತಿ ಹಿಡಿದವನ ಮೇಲಾ? ಇಲ್ಲ. ಗುಮಾಸ್ತನ ಮೇಲೆ, ಬಸ್ಸಿನಲ್ಲಿ ಕೂತವನ ಮೇಲೆ, ಟಿಕೆಟ್ ಕೊಂಡು ಸಿನಿಮಾಕ್ಕೆ ಬಂದವನ ಮೇಲೆ. ಸತ್ತವರಲ್ಲಿ ಎಲ್ಲ ಮತದವರೂ ಇದ್ದರು.

ಸೇಡು ಸಿನಿಮಾದವರನ್ನೂ ಬಿಡಲಿಲ್ಲ. ನಮ್ಮ ಕನ್ನಡದ 'ಪಲ್ಲವಿ ಅನುಪಲ್ಲವಿ'ಯಿಂದ ನಿರ್ದೇಶನ ಶುರು ಮಾಡಿದ ಮಣಿರತ್ನಂ, ಆ ಗಲಭೆಯ ಮೇಲೆ 'ಬಾಂಬೆ' ತೆಗೆದರು. 1995ರಲ್ಲಿ ಅವರ ಮದ್ರಾಸಿನ ಮನೆಗೇ ಬಾಂಬು ಬಿತ್ತು. ಹಿಂದೂ ಹುಡುಗ, ಮುಸ್ಲಿಂ ಹುಡುಗಿ ಪ್ರೀತಿಸಿದ ಕತೆ ಹೇಳಿದ್ದಕ್ಕೆ!

ಆದರೆ ಒಂದು ಮಾತು ಕೇಳಿ. ಬಾಂಬಿಟ್ಟವರಿಗೆ ಬೇಕಿದ್ದದ್ದು ಮತ್ತೊಂದು ಗಲಭೆ. ಬೊಂಬಾಯಿ ಅದನ್ನು ಕೊಡಲಿಲ್ಲ. ಮಾರ್ಚ್ 12ರ ನಂತರ ಜನವರಿಯಂಥ ಬೆಂಕಿ ಏಳಲಿಲ್ಲ. ಸೋಮವಾರ ಷೇರುಪೇಟೆ ಬಾಗಿಲು ತೆಗೆಯಿತು. ಜವೇರಿ ಬಜಾರಿನಲ್ಲಿ 2003ರಲ್ಲಿ ಮತ್ತೆ ಬಾಂಬು ಸಿಡಿಯಿತು, 2011ರಲ್ಲಿ ಮಗದೊಮ್ಮೆ. ಪ್ರತಿ ಸಲವೂ ಅಂಗಡಿಗಳ ಷಟರ್ ಮೇಲೆದ್ದಿತು. ಹೊಟ್ಟೆಪಾಡು ಅನ್ನಿ, ಧೈರ್ಯ ಅನ್ನಿ. ಪಕ್ಕದಂಗಡಿಯವನನ್ನು ಸೇಡಿನ ಕಣ್ಣಿನಿಂದ ನೋಡದೆ ಬೋಣಿಗೆ ಮಾಡಿದ ಆ ವ್ಯಾಪಾರಿಗೆ ಯಾವ ಟಾಕೀಸಿನಲ್ಲೂ ಕಟೌಟ್ ನಿಲ್ಲಿಸಿಲ್ಲ. ಸಿಳ್ಳೆ ಹೊಡೆಯೋದಾದರೆ, ಗೆಳೆಯರೇ, ಒಂದು ಅವನಿಗೂ ಇರಲಿ!