ಅರ್ಧ ಮತ, ಪೂರ್ತಿ ಸಭೆ

ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರಸಭೆಯ 2003ರ ಚುನಾವಣೆ. 79 ಸ್ಥಾನಗಳಲ್ಲಿ 71 ಲೇಬರ್ ಪಕ್ಷಕ್ಕೆ. ಅದಕ್ಕೆ ಬಿದ್ದ ಮತ ಅರ್ಧದಷ್ಟೂ ಇರಲಿಲ್ಲ!

2007ರಲ್ಲಿ ಪದ್ಧತಿ ಬದಲಾಯಿತು. ವಾರ್ಡಿಗೆ ಮೂರೋ ನಾಲ್ಕೋ ಸದಸ್ಯರು. ಮತಪತ್ರದಲ್ಲಿ 1, 2, 3 ಎಂದು ಬರೆಯಬೇಕು. (ನಮ್ಮ ಪದವೀಧರ ಕ್ಷೇತ್ರದ ಮತದಾರರಿಗೆ ಈ ಪ್ರಾಶಸ್ತ್ಯದ ಮತ ಗೊತ್ತೇ ಇದೆ.) ಗೆದ್ದವರ ಹೆಚ್ಚುವರಿ ಮತವೂ ಸೋತವರ ಮತವೂ ಮುಂದಿನ ಆಯ್ಕೆಗೆ ಹೋಗುತ್ತವೆ. ಲೇಬರ್ 45ಕ್ಕೆ ಇಳಿಯಿತು, ಸ್ಕಾಟಿಷ್ ನ್ಯಾಷನಲ್ ಪಾರ್ಟಿ (ಎಸ್‌ಎನ್‌ಪಿ) 3ರಿಂದ 22ಕ್ಕೆ ಏರಿತು, ಗ್ರೀನ್ ಪಕ್ಷಕ್ಕೆ 5 ಸಿಕ್ಕವು. 2022ರಲ್ಲಂತೂ ಎಸ್‌ಎನ್‌ಪಿ 37, ಲೇಬರ್ 36, ಯಾರಿಗೂ ಬಹುಮತವಿಲ್ಲ.

ಇದರಿಂದ ಆಡಳಿತ ಅಸ್ಥಿರವಾಗುತ್ತದೆ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. 79ರಲ್ಲಿ 71 ಜನ ಒಂದೇ ಪಕ್ಷದವರಾದರೆ ಬೀದಿದೀಪದ ಟೆಂಡರ್ ಬಗ್ಗೆ ಎದ್ದು ನಿಂತು ಕೇಳುವವರು ಯಾರು?