ಎಳ್ಳಮಾಸಿಗೆ ಊರಾಗ ಇರಲಿಲ್ಲ

"ಥಂಡಿ ಕಳಿಲಾಕ ಗೋಕರ್ಣ ಯಾಕ ಬೇಕು? ಮನ್ಯಾಗ ಕೌದಿ ಇಲ್ಲೇನು?"

ಭಾಲ್ಕಿಯ ಗೆಳೆಯನ ಅಜ್ಜಿ ಹೀಗೆ ಕೇಳಿದಾಗ ನಮ್ಮ ನಾಲ್ವರಲ್ಲಿ ಯಾರ ಬಳಿಯೂ ಉತ್ತರ ಇರಲಿಲ್ಲ. ಬೀದರ್ ನಗರದವರು ಇಬ್ಬರು, ಭಾಲ್ಕಿಯವ ಒಬ್ಬ, ಔರಾದಿನವ ಒಬ್ಬ. ಪತ್ರಿಕೋದ್ಯಮ ಓದು ಮುಗಿದು ಐದು ತಿಂಗಳಾಗಿತ್ತು, ಕೆಲಸ ಸಿಕ್ಕಿರಲಿಲ್ಲ. ಡಿಸೆಂಬರ್ ಬಂದರೆ ನಮ್ಮ ಜಿಲ್ಲೆಯ ಚಳಿ ನಿಮಗೆ ಗೊತ್ತೇ ಇದೆ. ರಾಜ್ಯದ ಕನಿಷ್ಠ ಉಷ್ಣಾಂಶ ಎಲ್ಲಿ ಎಂದು ಪೇಪರ್ ತೆಗೆದರೆ ಮೇಲಿಂದ ಮೇಲೆ ಬೀದರ್ ಹೆಸರೇ ಇರುತ್ತದೆ. ಮೊಬೈಲಿನಲ್ಲಿ ಮಾತ್ರ ಬೆಂಗಳೂರು, ಪುಣೆಯ ನಮ್ಮ ವಯಸ್ಸಿನವರು ಕಡಲ ದಂಡೆಯಲ್ಲಿ ಕೂತ ಫೋಟೋ. ನಮ್ಮ ಕಡೆಯ ಹುಡುಗರು ಊರು ಬಿಡುವುದು ಮೂರೇ ಕಾರಣಕ್ಕೆ: ದುಡಿಯಲು, ದೇವರಿಗೆ, ಮದುವೆಗೆ. ಸುಮ್ಮನೆ ಹೋಗಬಾರದು ಎಂದು ಯಾರು ಹೇಳಿದರು? ಹೋದೆವು.

ಸುಮ್ಮನೆ ಅಂದರೂ ಪೂರ್ತಿ ಸುಮ್ಮನೆ ಅಲ್ಲ. ಅಲ್ಲಿನ ಒಂದು ಲಾಡ್ಜಿನವರು ತಮ್ಮ ಪೇಜಿಗೆ ಫೋಟೋ, ವಿಡಿಯೋ ಮಾಡಿಕೊಟ್ಟರೆ ರೂಮಿನ ಬಾಡಿಗೆ ಹೊರಡುವಷ್ಟು ಕೊಡುತ್ತೇವೆ ಎಂದಿದ್ದರು. ಔರಾದಿನವ ಮನೆಯಲ್ಲಿ ಇದನ್ನೇ ಹಿಗ್ಗಿಸಿ "ನೌಕರಿ ಸಿಕ್ಕಿದೆ" ಎಂದ. ಅವರ ಹೊಲದಲ್ಲಿ ತೊಗರಿ ಒಣಗುತ್ತ ಬಂದಿತ್ತು, ಮನೆಯಲ್ಲಿ ಗಂಡಾಳು ಅಂದರೆ ಅವನು ಮತ್ತು ಅವನಪ್ಪ ಇಬ್ಬರೇ. ನೌಕರಿ ಎಂದ ಮೇಲೆ ಅಪ್ಪ ಏನೂ ಅನ್ನಲಿಲ್ಲ. ಆ ಸುಳ್ಳು ನಮಗೂ ಗೊತ್ತಿತ್ತು. ನಾವೂ ಸುಮ್ಮನಿದ್ದೆವು.

ಬೀದರಿನಿಂದ ಗೋಕರ್ಣ 600 ಕಿಲೋಮೀಟರ್ ಮೇಲೆ. ರಾಜ್ಯದ ಈ ತುದಿಯಿಂದ ಆ ದಂಡೆಗೆ. ಕಲಬುರಗಿ, ಹುಬ್ಬಳ್ಳಿ ದಾಟಿ ಯಲ್ಲಾಪುರ ಆದ ಮೇಲೆ ಅರೆಬೈಲ್ ಘಟ್ಟ ಇಳಿಯುವಾಗ ಭಾಲ್ಕಿಯವ ಮೂರು ಸಲ ವಾಂತಿ ಮಾಡಿದ. ಘಟ್ಟ ಇಳಿದು ಅಂಕೋಲೆ ತಲುಪಿದಾಗ ಸ್ವೆಟರ್ ಬಿಚ್ಚಿದೆವು, ವಾಪಸ್ ಬರುವವರೆಗೆ ಮತ್ತೆ ಹಾಕಲಿಲ್ಲ.

ರೂಮು ಕೊಟ್ಟ ಅಮ್ಮ ಮೊದಲ ದಿನ ಕೇಳಿದರು: "ತಮಾ, ನಿಮ್ದು ಎಲ್ಲಾಯ್ತು?" ಎಲ್ಲ ಮುಗಿಯಿತಾ ಎಂದು ತಿಳಿದ ನಾವು, "ಇಲ್ರೀ, ಇನ್ನಾ ಊಟ ಆಗಿಲ್ಲ" ಅಂದೆವು. ಅವರು ಕೇಳಿದ್ದು ನಿಮ್ಮ ಊರು ಯಾವುದು ಎಂದು. ಬೀದರ್ ಎಂದಾಗ, "ಅದು ಆಂಧ್ರದಲ್ಲಲ್ವಾ?" ಎಂದರು. ಭಾಲ್ಕಿಯವನಿಗೆ ಸಿಟ್ಟು ಬಂತು. ನಿಜಾಮನ ಕಾಲದಲ್ಲಿ ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದ ಕಥೆಯನ್ನು ಅಲ್ಲೇ ನಿಂತು ಪೂರ್ತಿ ಹೇಳಿದ. ಅಮ್ಮ ಕೇಳಿಸಿಕೊಂಡು, "ಹೌದಾ, ಪಾಪ" ಎಂದು ಚಹಾ ಕೊಟ್ಟರು. ಸಿಟ್ಟು ಇಳಿದ ಮೇಲೆ ನಮಗೇ ಅನ್ನಿಸಿತು, ಅವರದೇನು ತಪ್ಪು? ನಾವು ಹೈದರಾಬಾದ್ ಸೀಮೆಯವರು, ಅವರು ಮುಂಬೈ ಸೀಮೆಯವರು. 1956ರ ನವೆಂಬರ್ 1ರಂದು ಒಂದೇ ರಾಜ್ಯಕ್ಕೆ ಬಂದೆವು. ನಮ್ಮಲ್ಲೂ ಎಷ್ಟು ಮಂದಿ ಉತ್ತರ ಕನ್ನಡ ಜಿಲ್ಲೆಯನ್ನು ಧಾರವಾಡದ ಪಕ್ಕದ ಬಯಲು ಎಂದುಕೊಂಡಿಲ್ಲ?

ಹಾಸ್ಟೆಲಿನಲ್ಲಿ ನಾವು ಅತಿ ಹೆಚ್ಚು ಚೇಷ್ಟೆ ಮಾಡಿದ್ದು ಔರಾದಿನವನ ಕನ್ನಡವನ್ನು. ಮನೆಯಲ್ಲಿ ಮರಾಠಿ, ಬಾಯಿ ತೆರೆದರೆ ಎರಡೂ ಕಲಸಿ ಬರುತ್ತದೆ. ಇಲ್ಲಿ ಲೆಕ್ಕ ತಿರುಗಿತು. ತದಡಿ ಬಂದರಿನಲ್ಲಿ ಮೀನುಗಾರರು ಕೊಂಕಣಿಯಲ್ಲಿ ಮಾತಾಡುತ್ತಿದ್ದರೆ ನಾವು ಮೂವರು ಪಿಳಿಪಿಳಿ ನೋಡುತ್ತಿದ್ದೆವು, ಅವನು ಮಾತ್ರ ಮರಾಠಿ ಹಚ್ಚಿ ಬಂಗಡೆಗೆ ರೇಟು ಕುದುರಿಸುತ್ತಿದ್ದ. ಕಾರಂಜಾ ಡ್ಯಾಮಿನ ರೋಹು, ಕಟ್ಲಾ ತಿಂದ ನಾಲಿಗೆಗೆ ಬಂಗಡೆ ಮೊದಲು ವಾಸನೆ ಅನ್ನಿಸಿತು. ವಾರದ ಮೇಲೆ ಅದಿಲ್ಲದೆ ಅನ್ನ ಇಳಿಯಲಿಲ್ಲ.

ರೈತರ ಮಕ್ಕಳು ಎಲ್ಲಿ ಹೋದರೂ ಹೊಲ ನೋಡುತ್ತೇವೆ. ಗೋಕರ್ಣದ ಹತ್ತಿರ ಸಾಣಿಕಟ್ಟಾದಲ್ಲಿ ಉಪ್ಪಿನ ಆಗರಗಳಿವೆ. ಮಳೆಗಾಲ ಮುಗಿದ ಮೇಲೆ ನೆಲ ಹದ ಮಾಡಿ, ಬದು ಕಟ್ಟಿ, ಉಬ್ಬರದ ನೀರನ್ನು ಒಳಗೆ ಬಿಡುತ್ತಾರೆ. ಬಿಸಿಲಿಗೆ ನೀರು ಆರಿ ಉಪ್ಪು ಕಟ್ಟುತ್ತದೆ, ಅದನ್ನು ಎಳೆದು ಗುಡ್ಡೆ ಹಾಕುತ್ತಾರೆ. ನಾವು ಹೋದಾಗ ನೆಲ ಹದ ಮಾಡುವ ಕೆಲಸ ನಡೆದಿತ್ತು. ಭಾಲ್ಕಿಯವ ಬದುವಿನ ಮೇಲೆ ನಿಂತು, "ಲೇ, ಇದು ನಮ್ ಜ್ವಾಳದ ಹೊಲದಂಗೇ ಅದ, ಬಿತ್ತೋದೇ ಇಲ್ಲ ನೋಡು" ಎಂದ. ಅದೇ ಅಘನಾಶಿನಿ ನದಿಯ ಅಳಿವೆಯಲ್ಲಿ ಗಜನಿ ಎಂಬ ತಗ್ಗು ಭೂಮಿ ಇದೆ, ಉಪ್ಪು ನೀರು ನುಗ್ಗುವ ಭೂಮಿ. ಅಲ್ಲಿ ಕಗ್ಗ ಎಂಬ ಭತ್ತ ಬೆಳೆಯುತ್ತದೆ, ಉಪ್ಪು ತಡೆಯುತ್ತದೆ, ನೆರೆ ತಡೆಯುತ್ತದೆ. ಎರಡು ದಿನ ನೀರು ನಿಂತರೆ ಕೊಳೆಯುವ ನಮ್ಮ ಉದ್ದು, ಸೋಯಾ ನೆನಪಾಗಿ ಯಾರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಅಲ್ಲಿ ಚಳಿಗಾಲ ಪೂರ್ತಿ ಕಳೆಯುವ ಪರದೇಶದವರು ಬಹಳ. ಅಮೆರಿಕ, ಕೆನಡಾದವರು ಮೆಕ್ಸಿಕೋದ ಕಡಲೂರುಗಳಿಗೆ ಹೋಗುವಂತೆ ಇವರು ಇಲ್ಲಿಗೆ ಬರುತ್ತಾರೆ. ಕುಡ್ಲೆ ಬೀಚಿನ ಚಹಾದಂಗಡಿಯಲ್ಲಿ ಒಬ್ಬ ರಷ್ಯದವನಿಗೆ ಬೀದರ್ ಎಂದದ್ದೇ ತಡ, "ನಿಕಿತಿನ್!" ಎಂದ. ನಮ್ಮದೇ ರಾಜ್ಯದವರಿಗೆ ಗೊತ್ತಿಲ್ಲದ ನಮ್ಮ ಊರು ಅವನಿಗೆ ಗೊತ್ತು! ತ್ವೇರ್ ಎಂಬ ಊರಿನ ವ್ಯಾಪಾರಿ ಅಫನಾಸಿ ನಿಕಿತಿನ್ 1470ರ ಸುಮಾರಿಗೆ ಸಮುದ್ರ ದಾಟಿ ಚೌಲ್ ಬಂದರಿಗೆ ಬಂದು, ಜುನ್ನರ್ ಮೇಲಿಂದ ಬಹಮನಿ ರಾಜಧಾನಿ ಬೀದರಿಗೆ ಬಂದ. ಜೊತೆಗೆ ತಂದ ಕುದುರೆಯನ್ನು ಕ್ರಿಸ್ಮಸ್ ಹೊತ್ತಿಗೆ ಬೀದರಿನಲ್ಲೇ ಮಾರಿ, ಈಸ್ಟರ್ ಮುಂಚಿನ ಉಪವಾಸದ ಕಾಲದವರೆಗೆ ಅಲ್ಲೇ ಉಳಿದ. ಅಂದರೆ ಚಳಿಗಾಲ ಕಳೆಯಲು ಪರದೇಶದವ ನಮ್ಮ ಊರಿಗೆ ಬಂದಿದ್ದ, ನಾವು ಅಲ್ಲಿಂದ ಓಡಿ ಬಂದಿದ್ದೆವು. ಬಹಳ ನಕ್ಕೆವು.

ಲಾಡ್ಜಿನವರು ಮೊದಲ ಹದಿನೈದು ದಿನಕ್ಕೆ ಅರ್ಧ ದುಡ್ಡು ಕೊಟ್ಟರು. ಆಮೇಲೆ "ನಾಳೆ" ಶುರುವಾಯಿತು. ಆ ನಾಳೆ ಬರಲೇ ಇಲ್ಲ.

ಡಿಸೆಂಬರ್ ಕೊನೆಗೆ ಎಳ್ಳಮಾಸಿ. ಬೆಳಿಗ್ಗೆ ಹತ್ತಕ್ಕೆ ಔರಾದಿನವನ ಆಯಿ ವಿಡಿಯೋ ಕಾಲ್ ಮಾಡಿದರು. ಹೊಲದಲ್ಲಿ ಐದು ಕಲ್ಲು ಇಟ್ಟು ಪೂಜೆ, ಬುಟ್ಟಿಯಲ್ಲಿ ಸಜ್ಜಿ ರೊಟ್ಟಿ, ಭಜ್ಜಿ, ಹೋಳಿಗೆ, ಮಡಕೆಯಲ್ಲಿ ಅಂಬಲಿ. ಅಪ್ಪ ಒಬ್ಬರೇ ಚರಗ ಚೆಲ್ಲುತ್ತ ಹೊಲದ ಸುತ್ತ ನಡೆಯುತ್ತಿದ್ದರು. ಪ್ರತಿ ವರ್ಷ ಹಿಂದೆ ಮಗ ನೀರು ಹಿಡಿದು ಹೋಗುತ್ತಿದ್ದ. ಅವರ ಹಿಂದೆ ತೊಗರಿ ಕಂದು ಬಣ್ಣಕ್ಕೆ ತಿರುಗಿ ನಿಂತಿತ್ತು. ಆಯಿ ಕೇಳಿದರು, ಸಾಹೇಬರು ಒಂದು ದಿನವೂ ರಜೆ ಕೊಡಲಿಲ್ಲವೇ?

ಅವನು ಫೋನ್ ನಮ್ಮ ಕೈಗೆ ಕೊಟ್ಟು ನೀರಿನ ಕಡೆ ಹೋದ. ನಮ್ಮಲ್ಲೊಬ್ಬ ಏನೋ ಹೇಳಿ ಕಟ್ ಮಾಡಿದ.

ಆ ರಾತ್ರಿ ಜಗಳ ಆಯಿತು. "ನಿಮಗೇನ್ರೋ, ನಿಮ್ ಹೊಲ ಪಾಲಿಗೆ ಕೊಟ್ಟೀರಿ" ಎಂದ. ಖರೇ ಮಾತು. ನಾವು ಮೂವರು ಕಳೆದುಕೊಳ್ಳುವುದು ಏನೂ ಇರಲಿಲ್ಲ. ಹನ್ನೊಂದು ಗಂಟೆಗೆ ಅವನೇ ಅಪ್ಪನಿಗೆ ಫೋನ್ ಹಚ್ಚಿ, ನೌಕರಿ ಇಲ್ಲ, ತಿರುಗಾಡಲು ಬಂದಿದ್ದೇನೆ ಎಂದು ಹೇಳಿಬಿಟ್ಟ. ಬೈಯುತ್ತಾರೆ ಎಂದು ಕಾದೆವು. ಅವರು ಮರಾಠಿಯಲ್ಲಿ ಇಷ್ಟೇ ಹೇಳಿದರು: ತೊಗರಿ ನಾಲ್ಕು ದಿನ ಕಾಯುತ್ತದೆ, ಕೂಲಿಯವರು ಕಾಯುವುದಿಲ್ಲ.

ಮರುದಿನ ನಾಲ್ವರ ಜೇಬಿನದು ಕೂಡಿಸಿ ಅವನನ್ನು ಬಸ್ ಹತ್ತಿಸಿದೆವು. ಬಾಡಿಗೆ ಕೊಟ್ಟ ಕಾರಣಕ್ಕೆ ನಾವು ಮೂವರು ಇನ್ನೂ ಒಂಬತ್ತು ದಿನ ಉಳಿದೆವು. ಸಮುದ್ರ ಅಲ್ಲೇ ಇತ್ತು, ಬಂಗಡೆಯೂ ಇತ್ತು, ರೇಟು ಕುದುರಿಸುವವನು ಇರಲಿಲ್ಲ. ಹೋಗಿದ್ದು ತಪ್ಪು ಎಂದು ಈಗಲೂ ನಮಗೆ ಅನ್ನಿಸುವುದಿಲ್ಲ. "ನೌಕರಿ" ಎಂಬ ಮಾತಿಗೆ ನಾವು ತಲೆ ಅಲ್ಲಾಡಿಸಿದ್ದು ತಪ್ಪು. ಅದನ್ನು ಅವನ ಅಪ್ಪನ ಮುಂದೆ ಹೇಳಿ ಬಂದಿದ್ದೇವೆ, ತೊಗರಿ ಚೀಲ ಹೊತ್ತು ಹಾಕಿಯೂ ಬಂದಿದ್ದೇವೆ.

ಹೊರಡುವಾಗ ರೂಮಿನ ಅಮ್ಮ ಒಂದು ಪೊಟ್ಟಣ ಒಣ ಮುರುಗಲು ಕೊಟ್ಟಿದ್ದರು. ಔರಾದಿನ ಆಯಿ ಹುಣಸೆಹಣ್ಣಿನ ಬದಲು ಅದನ್ನು ತೊಗರಿಬೇಳೆಗೆ ಹಾಕಿ ನೋಡಿದರು, ರುಚಿ ಹಿಡಿಸಿತು. ಬದಲಿಗೆ ಈ ಸಲದ ಬೇಳೆ ಎರಡು ಕಿಲೋ ಕಟ್ಟಿ ಇಟ್ಟಿದ್ದಾರೆ. ಕೊರಿಯರಿಗೆ ಕೊಡುತ್ತೇವೆ ಎಂದರೆ ಬೇಡವಂತೆ, ತಾವೇ ಕೊಟ್ಟು ಬರುತ್ತಾರಂತೆ. ಅವರು ಇದುವರೆಗೆ ಸಮುದ್ರ ನೋಡಿಲ್ಲ. ಶಿವರಾತ್ರಿಗೇ ಹೋಗೋಣ ಎನ್ನುತ್ತಿದ್ದಾರೆ. ಆಗ ಗೋಕರ್ಣದಲ್ಲಿ ಜಾತ್ರೆ, ರೂಮು ಸಿಗುವುದಿಲ್ಲ ಆಯಿ ಎಂದು ಮೂರು ಸಲ ಹೇಳಿದ್ದೇವೆ. ಒಪ್ಪಿಲ್ಲ.