ಹೊಟ್ಟು ಹೋದ ಮೇಲೆ

ನವಲಗುಂದ, ಅಣ್ಣಿಗೇರಿಯ ಎರೆ ಹೊಲಗಳಿಗೆ ಕುರಿ ತರುಬಲು ಬರುತ್ತಿದ್ದ ಕುರುಬರ ಹಿಂದೆ ಹೊರೆ ಹೊತ್ತ ಕುದುರೆಗಳು ನಡೆದು ಬರುತ್ತಿದ್ದುದನ್ನು ಈ ಸೀಮೆಯ ನಾವೆಲ್ಲ ಕಂಡಿದ್ದೇವೆ. ಹಾಸಿಗೆ, ಪಾತ್ರೆ, ಆಗಷ್ಟೇ ಹುಟ್ಟಿದ ಮರಿ ಎಲ್ಲವೂ ಅವುಗಳ ಬೆನ್ನ ಮೇಲೆ. ಅವುಗಳಿಗಾಗಲಿ, ಟಾಂಗಾದ ಕುದುರೆಗಳಿಗಾಗಲಿ ಖನಿಜದ ಪುಡಿ ಹಾಕುವ ರೂಢಿ ಇರಲಿಲ್ಲ. ಉಪ್ಪಿನ ಹರಳು ಸಿಕ್ಕರೆ ಅದೇ ಹೆಚ್ಚು. ಅಂದು ಬೇಡವಾದದ್ದು ಇಂದೇಕೆ ಎಂದು ಹಿರಿಯರು ಕೇಳುವುದು ನ್ಯಾಯವೇ. ಉತ್ತರ ಸಿಗುವುದು ಗ್ವಾದಲಿಯಲ್ಲಿ. ಆಗ ಹುರುಳಿಯ ಚಂದಿಯ ಜೊತೆಗೆ ಬದುವಿನ ಹತ್ತಾರು ಬಗೆಯ ಹುಲ್ಲಿತ್ತು, ಕಡಲೆ, ಹೆಸರಿನ ಹೊಟ್ಟಿತ್ತು. ದ್ವಿದಳ ಬೆಳೆಯ ಹೊಟ್ಟಿನಲ್ಲಿ ಕ್ಯಾಲ್ಸಿಯಂ ಧಾರಾಳ. 1972ರಲ್ಲಿ ನವಿಲುತೀರ್ಥದ ಅಣೆಕಟ್ಟು ಎದ್ದು ಕಾಲುವೆಗೆ ಮಲಪ್ರಭೆ ಬಂದಳು, ಗೋವಿನಜೋಳ, ಹತ್ತಿ ಹಬ್ಬಿದವು. ಟ್ರ್ಯಾಕ್ಟರ್ ಬದು ಸವೆಸಿತು. ಕಟಾವಿನ ಯಂತ್ರ ಬಂದಲ್ಲಿ ಹೊಟ್ಟು ಕಣಕ್ಕೆ ಬಾರದೆ ಹೊಲದಲ್ಲೇ ತೂರಿಹೋಯಿತು. ಅದರ ಜಾಗವನ್ನು ಅಂಗಡಿಯ ಗೋಧಿ ಬೂಸಾ ಹಿಡಿಯಿತು.

ತೊಡಕು ಇಲ್ಲೇ ಇದೆ. 500 ಕಿಲೋ ತೂಗುವ, ದುಡಿಮೆಯಿಲ್ಲದ ಕುದುರೆಗೆ ದಿನಕ್ಕೆ ಸುಮಾರು 20 ಗ್ರಾಂ ಕ್ಯಾಲ್ಸಿಯಂ, 14 ಗ್ರಾಂ ರಂಜಕ ಸಾಕು. ಎರಡು ಕಿಲೋ ಬೂಸಾದಲ್ಲಿ ರಂಜಕವೇ 20 ಗ್ರಾಂ. ಕ್ಯಾಲ್ಸಿಯಂ ಮೂರು ಗ್ರಾಂ ಕೂಡ ಇಲ್ಲ. ಬೂಸಾವೇ ಮುಖ್ಯ ಮೇವಾದರೆ ಕೊರತೆಯನ್ನು ದೇಹ ಎಲುಬಿನಿಂದ ಕಿತ್ತು ತುಂಬಿಸುತ್ತದೆ. ತಿಂಗಳುಗಟ್ಟಲೆ ಹೀಗೇ ನಡೆದರೆ ಮುಖದ ಎಲುಬು ಊದುತ್ತದೆ, ಕುದುರೆ ಕುಂಟುತ್ತದೆ. ಎರೆ ಮಣ್ಣೇ ಸುಣ್ಣದ್ದು, ಕ್ಯಾಲ್ಸಿಯಂಗೆ ಬರವೇ ಎಂಬ ವಾದವುಂಟು. ಮಣ್ಣಿನ ಸುಣ್ಣ ಪ್ರಾಣಿಗೆ ದಕ್ಕುವುದು ಇಲ್ಲಿ ಬೆಳೆದ ಸೊಪ್ಪು, ಹೊಟ್ಟಿನ ಮೂಲಕ. ಗಿರಣಿಯ ಬೂಸಾಕ್ಕೆ ಅದು ಬಾರದು. ಮೇಲಾಗಿ ಅದೇ ಸುಣ್ಣ ಸತುವನ್ನು ಬೇರಿಗೆ ಸಿಗದಂತೆ ಹಿಡಿದಿಡುತ್ತದೆ.

ಹಾಗೆಂದು ದನದ ಖನಿಜದ ಪುಡಿಯನ್ನೇ ಕುದುರೆಗೂ ಸುರಿಯುವುದನ್ನು ನಾನು ಒಪ್ಪಲಾರೆ. ಮೊದಲು ಬೂಸಾ ತಗ್ಗಿಸಿ, ಸಿಕ್ಕಷ್ಟು ಕಡಲೆ ಹೊಟ್ಟು ಕೂಡಿಸಿ, ಉಳಿದ ಕೊರತೆಗಷ್ಟೇ ಪಶುವೈದ್ಯರ ಅಳತೆಯಂತೆ ಪುಡಿ ಹಾಕಬೇಕು. ದನದ ಕೆಲವು ಸಿದ್ಧ ಆಹಾರಗಳಲ್ಲಿ ಬೆರೆಸುವ ಮೊನೆನ್ಸಿನ್ ಎಂಬ ಔಷಧ ಕುದುರೆಯ ಹೃದಯವನ್ನೇ ಕೆಡಿಸಿ ಕೊಲ್ಲಬಲ್ಲದು. ಕುರಿಹಟ್ಟಿಯಲ್ಲಿ ಇನ್ನೂ ಒಂದು ಎಚ್ಚರ ಬೇಕು: ಕುದುರೆ ತಾಳಿಕೊಳ್ಳುವಷ್ಟು ತಾಮ್ರವನ್ನು ಕುರಿ ತಾಳದು. ಅದು ಕುರಿಯ ಪಿತ್ತಜನಕಾಂಗದಲ್ಲಿ ಸದ್ದಿಲ್ಲದೆ ಕೂಡುತ್ತಾ ಹೋಗಿ ಒಂದು ದಿನ ರಕ್ತಕಣಗಳನ್ನು ಒಡೆಯುತ್ತದೆ. ಕುದುರೆಯ ಪುಡಿಯ ಬುಟ್ಟಿ ಕುರಿಯ ಬಾಯಿಗೆ ಎಟುಕದಷ್ಟು ಎತ್ತರದಲ್ಲಿರಲಿ.